ನಾಲ್ಕು ಗಂಟೆಗೆ ಎಚ್ಚರ, ಆದರೆ ಕುದುರೆ ಇಲ್ಲ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ಅವರನ್ನು 'ಅ' ಎನ್ನೋಣ. ವಯಸ್ಸು 66. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನ ರೇಸ್ ಲಾಯಗಳಲ್ಲಿ 41 ವರ್ಷ ದುಡಿದವರು. ಅಲ್ಲಿ ಈ ಕೆಲಸದವರನ್ನು 'ಲ್ಯಾಡ್' ಎಂದೇ ಕರೆಯುತ್ತಾರೆ. ಹುಡುಗ ಅಂತ ಅರ್ಥ. ತಲೆ ಪೂರ್ತಿ ನೆರೆತರೂ ಹುಡುಗನೇ.

ಎರಡೂ ಮಂಡಿ ಸವೆದು ಕೆಲಸ ಬಿಟ್ಟಿದ್ದರು. ನಿದ್ದೆಯ ತೊಂದರೆ ಅಂತ ನನ್ನ ಹತ್ತಿರ ಬಂದರು. ಬೆಳಗಿನ 4ಕ್ಕೆ ಎಚ್ಚರವಾಗುತ್ತದೆ, ಆದರೆ ಮೇವು ಹಾಕಲು ಕುದುರೆ ಇಲ್ಲ. ನಾನು ಎರಡು ಭೇಟಿ ಪೂರ್ತಿ ನಿದ್ದೆಯ ಬಗ್ಗೆಯೇ ಮಾತಾಡಿದೆ. ಅದು ನನ್ನ ತಪ್ಪು. ಮೂರನೇ ಸಲ ಹೊರಡುವಾಗ ಜೇಬಿನಿಂದ ಒಂದು ಪತ್ರ ತೆಗೆದರು. ಕೆಲಸದ ಜೊತೆ ಸಿಕ್ಕಿದ್ದ ಮನೆಯ ಮಾಲೀಕರದ್ದು. ಕೆಲಸ ಮುಗಿಯಿತಲ್ಲ, 6 ವಾರದಲ್ಲಿ ಮನೆ ಖಾಲಿ ಮಾಡಿ ಅಂತ. ಅದರಲ್ಲಿ 2 ವಾರ ಆಗಲೇ ಕಳೆದಿತ್ತು.

"ಸಹಾಯ ಕೇಳಿದ್ದೀರಾ?" ಎಂದೆ.

"ಅದೆಲ್ಲ ಬಿದ್ದು ಮೈಕೈ ಮುರಿದುಕೊಂಡ ಜಾಕಿಗಳಿಗೆ. ಆ ದೇಣಿಗೆ ಡಬ್ಬಿಗೆ ನಾನೇ ಚಿಲ್ಲರೆ ಹಾಕಿದ್ದೀನಿ. ಈಗ ಅದಕ್ಕೇ ಕೈ ಹಾಕೋದಾ?"

ಅವರ ಮಾತಿನಲ್ಲಿ ಅರ್ಧ ನಿಜವಿತ್ತು. 1964ರಲ್ಲಿ ಶುರುವಾದ ಇಂಜರ್ಡ್ ಜಾಕೀಸ್ ಫಂಡ್ ಜಾಕಿಗಳಿಗಾಗಿಯೇ ಇದೆ. ಇವರು ಬೆಳಗಿನ ತಾಲೀಮಿನಲ್ಲಿ ಸವಾರಿ ಮಾಡಿದ್ದರು, ರೇಸಿನಲ್ಲಲ್ಲ. ಆದರೆ ರೇಸಿಂಗ್ ವೆಲ್ಫೇರ್ ಎಂಬ ಇನ್ನೊಂದು ಸಂಸ್ಥೆ ಇದೆ. ಲಾಯ, ಸ್ಟಡ್ ಫಾರ್ಮ್ (ಕುದುರೆ ತಳಿ ಬೆಳೆಸುವ ಜಾಗ), ರೇಸ್‌ಕೋರ್ಸ್‌ಗಳಲ್ಲಿ ದುಡಿಯುವವರೂ ನಿವೃತ್ತರಾದವರೂ ಅದರ ಬಾಗಿಲು ತಟ್ಟಬಹುದು. ದಿನದ 24 ಗಂಟೆಯೂ ಫೋನ್ ಎತ್ತುತ್ತಾರೆ. ಬೆಳಗಿನ 4ಕ್ಕೆ ಎದ್ದು ಕೂರುವವರಿಗೆ ಇದು ಸಣ್ಣ ವಿಷಯವಲ್ಲ.

ನಾನು ಹೇಳಿದ್ದಿಷ್ಟು. ಪತ್ರ ಬಂತು ಅಂತ ಸುಮ್ನೆ ಗಂಟುಮೂಟೆ ಕಟ್ಟಬೇಡಿ. ಕೆಲಸದ ಜೊತೆ ಬಂದ ಮನೆಯಾದರೂ ಬಿಡಿಸಲು ಸಾಮಾನ್ಯವಾಗಿ ಕೋರ್ಟಿನ ಆದೇಶ ಬೇಕು. ನಾಳೆಯೇ ಸ್ಥಳೀಯ ಕೌನ್ಸಿಲ್‌ಗೆ (ನಮ್ಮ ನಗರಸಭೆಯಂಥದ್ದು) ಪತ್ರ ತೋರಿಸಿ. 56 ದಿನದೊಳಗೆ ಮನೆ ಹೋಗುವ ಭಯವಿದ್ದರೆ, ಅದನ್ನು ತಪ್ಪಿಸಲು ನೆರವಾಗುವುದು ಇಂಗ್ಲೆಂಡಿನ ಕೌನ್ಸಿಲ್‌ಗಳ ಕರ್ತವ್ಯ. ಪೆನ್ಶನ್ ಕ್ರೆಡಿಟ್‌ಗೂ ಅರ್ಜಿ ಹಾಕಿ. ಆದಾಯ ಕಡಿಮೆ ಇರುವ ಹಿರಿಯರಿಗೆ ಸರ್ಕಾರ ಕೊಡುವ ಹಣ ಅದು.

ಇಷ್ಟೆಲ್ಲ ಕೇಳಿ ತಲೆಯಾಡಿಸಿದರು, ಫೋನ್ ಮಾತ್ರ ಮುಟ್ಟಲಿಲ್ಲ. ನಾಚಿಕೆ, ಅಲ್ವಾ? ಆಗ ಒಂದು ಪ್ರಶ್ನೆ ಕೇಳಿದೆ: "ನಿಮ್ಮ ಕುದುರೆ ಕುಂಟಿದರೆ ಯಾರಿಗೆ ಹೇಳುತ್ತಿದ್ದಿರಿ?"

"ತಕ್ಷಣ ಟ್ರೇನರ್‌ಗೆ. ಮುಚ್ಚಿಟ್ಟರೆ ಕಾಲು ಜಾಸ್ತಿ ಕೆಡುತ್ತೆ."

ಹೇಳಿ ತಾವೇ ನಕ್ಕರು. ನನ್ನೆದುರೇ ರೇಸಿಂಗ್ ವೆಲ್ಫೇರ್‌ಗೆ ಫೋನ್ ಮಾಡಿದರು. ಮಾತಾಡಿದ್ದು 20 ನಿಮಿಷ, ಹೆಚ್ಚಿನದೆಲ್ಲ ಕುದುರೆಗಳ ಬಗ್ಗೆಯೇ!

ವೆಲ್ಫೇರ್ ಅಧಿಕಾರಿಯೊಬ್ಬರು ಅವರ ಜೊತೆ ಕೌನ್ಸಿಲ್‌ಗೆ ಹೋದರು, ಅರ್ಜಿಗಳನ್ನು ತುಂಬಿಸಿದರು. ಮಾಲೀಕರು ಗಡುವು ಮುಂದೂಡಿದ್ದಾರೆ. ಹೊಸ ಮನೆ ಇನ್ನೂ ಸಿಕ್ಕಿಲ್ಲ, ಹೆಸರು ಪಟ್ಟಿಯಲ್ಲಿದೆ. ನಿದ್ದೆಯ ವಿಚಾರಕ್ಕೆ ನಾವು ಈಗಷ್ಟೇ ಮರಳಿದ್ದೇವೆ.