ವಿಮಾನದ ಜನರೇಟರಿನಲ್ಲಿ ಶಾಶ್ವತ ಅಯಸ್ಕಾಂತದ ರೋಟರ್ ಏಕೆ ಬೇಡ?
ದಕ್ಷತೆ ಹೆಚ್ಚು, ತೂಕ ಕಡಿಮೆ ಎಂಬ ಕಾರಣಕ್ಕೆ ಸಣ್ಣ ವಿಮಾನದ ಜನರೇಟರಿಗೆ ಶಾಶ್ವತ ಅಯಸ್ಕಾಂತದ ರೋಟರನ್ನೇ (ತಿರುಗುವ ಭಾಗ) ಆರಿಸಬಹುದೇ ಎಂದು ಕೇಳಿದ್ದೀರಿ. ಬೆಂಗಳೂರಿನ ಒಂದು ಚಿಕ್ಕ ವಿನ್ಯಾಸ ತಂಡಕ್ಕೆ ಸೇರಿದ ಎರಡನೆಯ ವರ್ಷ, ಇದೇ ಕಾರಣ ಮುಂದಿಟ್ಟು ಹಿರಿಯರನ್ನು ಒಪ್ಪಿಸಿದವನು ನಾನು.

ಪರೀಕ್ಷೆಯ ಮೂರನೆಯ ದಿನ, ಯಂತ್ರ 12,000 ಆರ್‌ಪಿಎಂ ವೇಗದಲ್ಲಿ ತಿರುಗುತ್ತಿದ್ದಾಗ, ತಿರುಗದೆ ನಿಂತಿರುವ ಭಾಗವಾದ ಸ್ಟೇಟರಿನ ಒಂದು ಸುರುಳಿಯೊಳಗೆ ಎರಡು ಸುತ್ತುಗಳ ನಡುವಿನ ನಿರೋಧಕ ಲೇಪ ಕಿತ್ತುಹೋಯಿತು. ವಾರ್ನಿಷ್ ಸುಟ್ಟ ವಾಸನೆ ಮೂಗಿಗೆ ಬಡಿದೊಡನೆ ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ಚನ್ನು ತೆರೆದು ಲೋಡನ್ನು ಬೇರ್ಪಡಿಸಿದೆ. ಅಪಾಯ ಕಳೆಯಿತು ಎಂದುಕೊಂಡೆ. ಆದರೆ ದೋಷವಿದ್ದದ್ದು ಹೊರಗಿನ ತಂತಿಯಲ್ಲಲ್ಲ, ಸುರುಳಿಯ ಹೊಟ್ಟೆಯೊಳಗೆ. ಶಾರ್ಟ್ ಆದ ಸುತ್ತು ತಾನೇ ಒಂದು ಮುಚ್ಚಿದ ಸರ್ಕ್ಯೂಟ್ ಆಗಿಬಿಡುತ್ತದೆ. ಅಯಸ್ಕಾಂತ ಅದರೆದುರು ಹಾಯುತ್ತಿರುವ ತನಕ ಅದರಲ್ಲಿ ವೋಲ್ಟೇಜ್ ಹುಟ್ಟುತ್ತದೆ, ಕರೆಂಟ್ ಸುತ್ತುತ್ತದೆ, ತಾಮ್ರ ಕಾಯುತ್ತದೆ, ಮತ್ತು ಹೊರಗಿನ ಯಾವ ಸ್ವಿಚ್ಚಿನ ಕೈಗೂ ಅದು ಸಿಗುವುದಿಲ್ಲ. ಶಾಫ್ಟನ್ನು ತಿರುಗಿಸುತ್ತಿದ್ದ ಪರೀಕ್ಷಾ ಬೆಂಚಿನ ಮೋಟರ್ ನಿಂತ ಮೇಲೆ ಬಿಚ್ಚಿ ನೋಡಿದರೆ, ಸುರುಳಿ ಕೂರುವ ಸ್ಲಾಟಿನ ಬಾಯಲ್ಲಿ ಕರಗಿದ ತಾಮ್ರ ಸಾಸಿವೆ ಕಾಳಿನಂಥ ಮಣಿಯಾಗಿ ಗಟ್ಟಿಗೊಂಡಿತ್ತು. ಬೆಂಚಿನ ಮೇಲಾದರೆ ಮೋಟರ್ ನಿಲ್ಲಿಸಬಹುದು. ಹಾರುವಾಗ ಆ ಶಾಫ್ಟನ್ನು ತಿರುಗಿಸುವುದು ಎಂಜಿನ್. ದಕ್ಷತೆಯನ್ನು ಅರ್ಧ ಶೇಕಡಾದವರೆಗೆ ಲೆಕ್ಕಹಾಕಿದ್ದ ನಾನು, ಕೆಟ್ಟುಹೋದ ಯಂತ್ರವನ್ನು ನಿಲ್ಲಿಸುವುದು ಹೇಗೆ ಎಂದು ಒಂದು ಸಾಲನ್ನೂ ಬರೆದಿರಲಿಲ್ಲ.

ಆದುದರಿಂದ ನೀವು ದಕ್ಷತೆಯಿಂದ ಹೊರಟಿರುವುದೇ ಸರಿಯಲ್ಲ ಎನ್ನುತ್ತೇನೆ. ಬೋಯಿಂಗ್ 787ರ ಎಂಜಿನ್‌ಗಳ ಮೇಲೆ 250 ಕೆವಿಎ ಸಾಮರ್ಥ್ಯದ ನಾಲ್ಕು ಯಂತ್ರಗಳಿವೆ; ಅವುಗಳ ಮುಖ್ಯ ರೋಟರಿನಲ್ಲಿರುವುದು ಸುರುಳಿ, ಅಯಸ್ಕಾಂತವಲ್ಲ. ಇಂಥ ಮೂರು ಹಂತದ, ಎಂದರೆ ಒಂದೇ ಶಾಫ್ಟಿನ ಮೇಲೆ ಮೂರು ಯಂತ್ರಗಳಿರುವ, ಬ್ರಷ್‌ರಹಿತ ಜನರೇಟರಿನಲ್ಲಿ ಶಾಫ್ಟಿನ ತುದಿಯ ಪುಟ್ಟ ಅಯಸ್ಕಾಂತ ಯಂತ್ರ ನಿಯಂತ್ರಕಕ್ಕಷ್ಟೇ ಶಕ್ತಿ ಕೊಡುತ್ತದೆ. ಮುಖ್ಯ ರೋಟರಿನ ಸುರುಳಿಗೆ ಕರೆಂಟ್ ಒದಗಿಸುವ ನಡುವಿನ ಯಂತ್ರ ಎಕ್ಸೈಟರ್. ನಿಯಂತ್ರಕ ಈ ಎಕ್ಸೈಟರಿನ ಕರೆಂಟನ್ನು ಕಡಿದರೆ ಶಾಫ್ಟ್ ತಿರುಗುತ್ತಿದ್ದರೂ ಮುಖ್ಯ ರೋಟರಿನ ಕಾಂತತ್ವ ಇಳಿದುಹೋಗುತ್ತದೆ. ಇದಕ್ಕೆ ತೆರುವ ಬೆಲೆ ಎಕ್ಸೈಟರಿನ ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುತ್ತ ರೋಟರಿನೊಂದಿಗೇ ತಿರುಗುವ ಡಯೋಡುಗಳು. ನಾಲ್ಕು ಧ್ರುವಗಳ ಯಂತ್ರ ವಿಮಾನಗಳಲ್ಲಿ ರೂಢಿಯ 400 ಹರ್ಟ್ಸ್ ಕೊಡಲು 12,000 ಆರ್‌ಪಿಎಂ ಬೇಕು. ಆ ವೇಗದಲ್ಲಿ ಶಾಫ್ಟಿನ ನಡುವಿನಿಂದ 5 ಸೆಂಟಿಮೀಟರ್ ದೂರದ 5 ಗ್ರಾಂ ಡಯೋಡ್, ಸುಮಾರು 40 ಕಿಲೋ ತೂಗಿಬಿಟ್ಟಂತೆ ಹೊರಕ್ಕೆ ಎಳೆಯುತ್ತದೆ. ನಿಮ್ಮ ಶ್ರಮವೆಲ್ಲ ಆ ಡಯೋಡಿನ ಬೆಸುಗೆಗೆ, ಅದರ ತಂತಿಯ ಆಧಾರಕ್ಕೆ ಸಲ್ಲಲಿ.

ಅಯಸ್ಕಾಂತವೇ ಬೇಕೆಂಬ ಹಟವಿದ್ದರೆ, ಶಾಫ್ಟನ್ನು ಎಂಜಿನ್ನಿನ ಗೇರ್‌ಬಾಕ್ಸಿನಿಂದ ಕಳಚುವ ವ್ಯವಸ್ಥೆಯನ್ನು ಮೊದಲು ವಿನ್ಯಾಸಗೊಳಿಸಿ, ಅದರ ಭಾರವನ್ನೂ ತಕ್ಕಡಿಗೆ ಹಾಕಿ. ಹಾಗೆ ತೂಗಿದಾಗ ನನ್ನ ವಿನ್ಯಾಸ ಉಳಿಸಿದ್ದ ತೂಕವೆಲ್ಲ ಅದಕ್ಕೇ ಹೋಗಿತ್ತು.