ಬೆಲ್ ಹೊಡೆದರೆ ಮೇಜಿನ ಕೆಳಗೆ ಹೋಗುವ ಹುಡುಗ

(ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ತಾಯಿ ಮತ್ತು ಶಿಕ್ಷಕಿ ಇಬ್ಬರ ಒಪ್ಪಿಗೆ ಪಡೆದು ಬರೆದದ್ದು.)

ಚಿಂತಾಮಣಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆ. ಒಂದನೇ ತರಗತಿ ಹುಡುಗ, ಆರು ವರ್ಷ. ಪುಟ್ಟ ಅಂತ ಕರೆಯೋಣ. ತಾಯಿ ಟೊಮೆಟೊ ತೋಟಗಳಿಗೆ ಕೂಲಿಗೆ ಹೋಗುತ್ತಾರೆ. ಮನೆಮಾತು ತೆಲುಗು, ಆ ಕಡೆ ಅದೇನೂ ಹೊಸದಲ್ಲ. ಅವನ ಟೀಚರ್ ಫೋನ್ ಮಾಡಿದ್ದರು. "ಮೇಡಂ, ಪಾಠ ಮಾಡುವಾಗ ಬಂಗಾರದಂಥ ಹುಡುಗ. ಬೆಲ್ ಹೊಡೆದರೆ ಮುಗೀತು. ಮೇಜಿನ ಕೆಳಗೆ ಹೋಗಿ ಕೂರ್ತಾನೆ. ಎಳೆದರೆ ಕಚ್ತಾನೆ."

ತಾಯಿ ಹೆದರಿಹೋಗಿದ್ದರು. ಗಾಳಿ ಸೋಕಿದೆ ಅಂದವರಿದ್ದರು, ಬೆಂಗಳೂರಿಗೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ಅಂದವರೂ ಇದ್ದರು. ಮನೆಯಲ್ಲಿ ಹೇಗಿರ್ತಾನಮ್ಮ ಅಂತ ಕೇಳಿದೆ. ಆಟ ಬಿಟ್ಟು ಊಟಕ್ಕೆ ಬಾ ಅಂದರೆ ಸ್ವಲ್ಪ ಹಟ, ಅಷ್ಟೇ. ಮಾತು ವಯಸ್ಸಿಗೆ ತಕ್ಕ ಹಾಗೆ ಬಂದಿದೆ. ಕರೆದರೆ ತಿರುಗಿ ನೋಡುತ್ತಾನೆ. ಅಕ್ಕಪಕ್ಕದ ಮಕ್ಕಳ ಜೊತೆ ಚೆನ್ನಾಗಿ ಆಡುತ್ತಾನೆ. ಹಾಗಾದರೆ ಕಾಯಿಲೆ ಹುಡುಕುವ ಮೊದಲು ಶಾಲೆಯ ದಿನ ಹೇಗಿರುತ್ತೆ ನೋಡೋಣ ಅಂದೆ.

ಒಂದು ದಿನದಲ್ಲಿ ಪುಟ್ಟ ಮಕ್ಕಳು ಎಷ್ಟು ಸಲ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೋಗಬೇಕು ಗೊತ್ತಾ? ಪ್ರಾರ್ಥನೆ, ಹಾಲು, ತರಗತಿ, ಸಣ್ಣ ಬಿಡುವು, ಮತ್ತೆ ತರಗತಿ, ಕೈ ತೊಳೆಯೋದು, ಬಿಸಿಯೂಟ, ಮತ್ತೆ ಒಳಗೆ. ಇದು ನಲಿ-ಕಲಿ ತರಗತಿ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುತ್ತಾರೆ. ಮಗು ತನ್ನ ಕಾರ್ಡಿನ ಚಿತ್ರ ನೋಡಿಕೊಂಡು ಒಂದು ಗುಂಪಿನಿಂದ ಇನ್ನೊಂದಕ್ಕೆ ಹೋಗುತ್ತದೆ. ಅಲ್ಲಿ ಪುಟ್ಟನಿಗೆ ಏನೂ ತೊಂದರೆ ಇಲ್ಲ. ಮುಂದೆ ಎಲ್ಲಿ ಕೂರಬೇಕು ಅಂತ ಅವನಿಗೆ ಕಾಣುತ್ತಿದೆ. ತೊಂದರೆ ಇದ್ದದ್ದು ಎಲ್ಲರೂ ಒಟ್ಟಿಗೆ ಏಳುವಾಗ. ಬೆಲ್ಲು, ಗಲಾಟೆ, "ಕಾರ್ಡ್ ಇಡಿ, ಲೈನ್ ಮಾಡಿ, ಕೈ ತೊಳ್ಕೊಳ್ಳಿ" ಅಂತ ಒಂದೇ ಉಸಿರಿಗೆ ಮೂರು ಮಾತು. ಹೊರಗೆ ಇರೋದು ಒಂದೇ ನಲ್ಲಿ. ಹೇಳಿದ್ದನ್ನು ನೆನಪಲ್ಲಿಟ್ಟು, ಕೈಯಲ್ಲಿರುವ ಕೆಲಸ ನಿಲ್ಲಿಸಿ, ಇನ್ನೊಂದು ಶುರು ಮಾಡುವ ಶಕ್ತಿ ಆರು ವರ್ಷಕ್ಕೆ ಇನ್ನೂ ಬೆಳೆಯುತ್ತಿರುತ್ತದೆ. ಹಸಿವೂ ಸೇರಿದರೆ ಕೇಳಲೇಬೇಡಿ.

ಟೀಚರ್ ಆಟ ಆಡಿಸುತ್ತಿರಲಿಲ್ಲ ಅಂತಲ್ಲ. ಕೆರೆ-ದಡ ಆಡಿಸುತ್ತಿದ್ದರು, "ಕೆರೆ" ಅಂದರೆ ಗೆರೆಯ ಒಳಗೆ, "ದಡ" ಅಂದರೆ ಹೊರಗೆ ನೆಗೆಯುವ ಆಟ. ಆದರೆ ತಪ್ಪು ನೆಗೆದವರು ಔಟ್, ಕೊನೆಗೆ ಉಳಿದವರಿಗೆ ಮೊದಲು ಊಟ. ದಿನಾ ಮೊದಲು ಔಟ್ ಆಗುತ್ತಿದ್ದವರು ಅದೇ ಸಣ್ಣ ಮಕ್ಕಳು. ಪುಟ್ಟ ಗೋಡೆ ಪಕ್ಕ ನಿಂತು, ದೊಡ್ಡವರು ಗೆಲ್ಲುವವರೆಗೂ ಕಾಯಬೇಕು. ಕೆಲವು ದಿನ ಹಾಗೆ ಆದ ಮೇಲೆ ಬೆಲ್ ಕೇಳಿದರೆ ಅವನಿಗೆ ಸೋಲೇ ನೆನಪಾಗೋದು. ಆಟ ಇರಲಿ, ಔಟ್ ಬಿಡಿ ಅಂದೆ. "ಔಟ್ ಇಲ್ಲದಿದ್ದರೆ ಮಜಾ ಎಲ್ಲಿ ಮೇಡಂ?" ಅಂದರು. ಆ ವಯಸ್ಸಿಗೆ ತಪ್ಪು ನೆಗೆದು ಬೀಳೋದೇ ದೊಡ್ಡ ಮಜಾ, ಅಲ್ವಾ?

ನಾವಿಬ್ಬರೂ ಕೂತು ಮಾಡಿಕೊಂಡ ಏರ್ಪಾಡು ಹೀಗಿತ್ತು. ಬೆಲ್ ಹೊಡೆಯುವುದಕ್ಕೆ ಸ್ವಲ್ಪ ಮುಂಚೆಯೇ ಮಳೆ ಚಪ್ಪಾಳೆ. ಅಂಗೈ ಮೇಲೆ ಒಂದು ಬೆರಳಿನಿಂದ ತುಂತುರು, ಆಮೇಲೆ ಎರಡು, ಮೂರು, ಐದಕ್ಕೆ ಜೋರು ಮಳೆ. ಮತ್ತೆ ಇಳಿಸುತ್ತಾ ಒಂದಕ್ಕೆ ಬಂದು ಸುಮ್ಮನಾಗುವುದು. ಕೈಯಲ್ಲಿ ಕಾರ್ಡ್ ಹಿಡಿದು ಚಪ್ಪಾಳೆ ತಟ್ಟಲು ಆಗಲ್ಲ. "ಕಾರ್ಡ್ ಇಡಿ" ಅಂತ ಕೂಗುವುದೇ ತಪ್ಪಿತು. ಆಮೇಲೆ ಬಾಗಿಲ ಬಳಿ ಸೀಮೆಸುಣ್ಣದ ಗೆರೆ ಎಳೆದು ಕೆರೆ-ದಡ. ತಪ್ಪಿದರೂ ಆಟದಲ್ಲೇ ಇರಬೇಕು. ನಡುನಡುವೆ ಚೆರುವು, ಗಟ್ಟು ಅಂತ ತೆಲುಗಲ್ಲೂ ಹೇಳಿ ಅಂದೆ. ಕೊನೆಯ "ದಡ" ಮಾತ್ರ ಬಾಗಿಲಾಚೆ ಇರಬೇಕು. ನಲ್ಲಿ ಹತ್ತಿರ ಕಾಯುವವರು ವೃತ್ತದಲ್ಲಿ ಕೂತು ಅವಲಕ್ಕಿ ಪವಲಕ್ಕಿ ಆಡಲಿ. ಬೆರಳು ಯಾರ ಮೇಲೆ ನಿಲ್ಲುತ್ತೋ ಅವರು ಎದ್ದು ಕೈ ತೊಳೆಯಲು ಹೋಗಬೇಕು. ಇಲ್ಲಿ ಔಟ್ ಆದರೆ ಊಟ ಹತ್ತಿರ ಬಂತು ಅಂತ ಅರ್ಥ! ಪುಟ್ಟ ಇಷ್ಟಪಟ್ಟದ್ದು ಇದನ್ನೇ.

ಮೇಜಿನ ಕೆಳಗೆ ಹೋದರೆ ಎಳೆಯಬೇಡಿ. ಮಕ್ಕಳು ಸುತ್ತ ಸೇರದ ಹಾಗೆ ನೋಡಿಕೊಳ್ಳಿ. ಅವನಿಗೆ ಕಾಣುವಂತೆ ಆಟ ಮುಂದುವರಿಯಲಿ. ಹತ್ತಿರ ಕೂತು ಮೆಲ್ಲಗೆ ಒಂದೇ ಮಾತು ಹೇಳಿ, ಎರಡನೆಯದು ಬೇಡ. ತಾಯಿಗೆ ಹೇಳಿದ್ದು ಇನ್ನೂ ಕಡಿಮೆ. ಆಟ ನಿಲ್ಲಿಸುವ ಮೊದಲು ಅದೇ ಮಳೆ ಚಪ್ಪಾಳೆ, ಮತ್ತೆ "ಮಿಸ್ಸಿಗೆ ಹೇಳ್ತೀನಿ" ಅಂತ ಹೆದರಿಸೋದು ಬೇಡ.

ಹೆಡ್ ಮಾಸ್ಟರಿಗೆ ಸಮಯ ಹಾಳಾಗುತ್ತೆ ಅನ್ನುವ ಚಿಂತೆ. ಅವನನ್ನು ಎಳೆದಾಡುವುದಕ್ಕೆ ಹೋಗುತ್ತಿದ್ದ ಸಮಯವನ್ನೂ ಲೆಕ್ಕ ಹಾಕಿ ಸಾರ್ ಅಂದೆ, ನಕ್ಕರು. ಮಧ್ಯಾಹ್ನ ಊಟ ಮುಗಿಸಿ ಒಳಗೆ ಬರುವಾಗ ಮಾತ್ರ ಕೆರೆ-ದಡ ನಡೆಯಲಿಲ್ಲ. ನೆಗೆದಾಡಿ ಬಂದ ಮಕ್ಕಳು ಇನ್ನೂ ಜಾಸ್ತಿ ಕುಣಿಯುತ್ತಿದ್ದರು. ಆ ಹೊತ್ತಿಗೆ ಬರೀ ಮಳೆ ಚಪ್ಪಾಳೆ ಸಾಕು ಅಂತ ಬದಲಿಸಿದೆವು.

ಮಕ್ಕಳ ಆರೋಗ್ಯ ತಪಾಸಣೆಗೆ ಶಾಲೆಗೆ ಬರುವ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ವೈದ್ಯರ ತಂಡದಿಂದ ಕಿವಿ, ಕಣ್ಣು ನೋಡಿಸಿದ್ದಾಗಿದೆ, ಸರಿಯಿವೆ. ಹೀಗಿರುವ ಎಲ್ಲ ಮಕ್ಕಳಿಗೂ ಆಟವೇ ಸಾಕು ಅಂತ ನಾನು ಹೇಳುತ್ತಿಲ್ಲ. ಬಂದ ಮಾತು ಹೋದರೆ, ಹೆಸರು ಕರೆದರೂ ನೋಡದಿದ್ದರೆ, ತನ್ನನ್ನೇ ಹೊಡೆದುಕೊಂಡರೆ, ಮನೆಯಲ್ಲೂ ಇದೇ ಪಾಡಾದರೆ ಮಕ್ಕಳ ವೈದ್ಯರಿಗೆ ತೋರಿಸಲೇಬೇಕು.

ಕಚ್ಚುವುದು ನಿಂತಿದೆ. ಮೇಜಿನ ಕೆಳಗೆ ಈಗಲೂ ಕೆಲವೊಮ್ಮೆ ಹೋಗುತ್ತಾನೆ, ಹೆಚ್ಚಾಗಿ ಟೀಚರ್ ತರಬೇತಿಗೆ ಹೋದ ದಿನ. ಯಾವ ಹೊತ್ತಿಗೆ ಯಾವ ಆಟ ಅಂತ ಹಾಳೆಯಲ್ಲಿ ಬರೆದು ಬೀರುವಿಗೆ ಅಂಟಿಸಿ, ಬದಲಿಗೆ ಬರುವವರಿಗೂ ಅಡುಗೆ ಅಕ್ಕನಿಗೂ ತೋರಿಸಿ ಅಂದಿದ್ದೇನೆ. ದಸರಾ ರಜೆ ಮುಗಿದ ಮೊದಲ ವಾರ ಎಲ್ಲವನ್ನೂ ಹೊಸದಾಗಿ ಆಡಿಸಬೇಕಾಗಬಹುದು. ಮುಂದಿನ ಭೇಟಿಯನ್ನು ಆ ವಾರಕ್ಕೇ ಇಟ್ಟುಕೊಂಡಿದ್ದೇವೆ.