ನ್ಯಾಟೋ ಬಾಂಬ್ ಹಾಕದಿದ್ದರೆ ಬೋಸ್ನಿಯಾದಲ್ಲಿ ಸರ್ಬರು ಗೆಲ್ಲುತ್ತಿದ್ದರಾ?

ನಿಮ್ಮ ಪ್ರಶ್ನೆ ಇದು: 1995ರ ಆಗಸ್ಟ್ ಕೊನೆಯಲ್ಲಿ ನ್ಯಾಟೋ ವಿಮಾನಗಳು ಬರದೇ ಇದ್ದಿದ್ದರೆ ಬೋಸ್ನಿಯಾ ಯುದ್ಧವನ್ನು ಸರ್ಬರು ಗೆಲ್ಲುತ್ತಿದ್ದರು, ಅಲ್ವಾ? ಇಲ್ಲ ಅಂತ ನನ್ನ ಉತ್ತರ. ಸ್ವಲ್ಪ ನಿಧಾನವಾಗಿ ಸೋಲುತ್ತಿದ್ದರು, ಅಷ್ಟೇ. ಗೆಲ್ಲುವ ಅವಕಾಶ ಅವರಿಗೆ ನಿಜವಾಗಿ ಇದ್ದದ್ದು 1992ರಲ್ಲಿ, ಆ ವರ್ಷ ಮುಗಿದ ಮೇಲೆ ಕಾಲ ಅವರ ಕಡೆ ಇರಲಿಲ್ಲ.

ಯಾರ ಹತ್ತಿರ ಏನಿತ್ತು ಅಂತ ಮೊದಲು ನೋಡಿ. 1991ರ ಜನಗಣತಿಯಲ್ಲಿ ಬೋಸ್ನಿಯಾದ ಜನ ಸುಮಾರು 44 ಲಕ್ಷ. ಅದರಲ್ಲಿ ಮುಸ್ಲಿಮರು, ಅಂದರೆ ಈಗ ಬೋಸ್ನಿಯಾಕರು ಅನ್ನುತ್ತೇವಲ್ಲ ಅವರು, ನೂರಕ್ಕೆ 43ರ ಮೇಲೆ. ಸರ್ಬರು 31, ಕ್ರೊವಾಟರು 17. ಯುಗೊಸ್ಲಾವ್ ಸೇನೆ 1992ರ ಮೇ ತಿಂಗಳಲ್ಲಿ ಬೋಸ್ನಿಯಾ ಬಿಟ್ಟು ಹೊರಟಾಗ ಅದರ ತೋಪು, ಟ್ಯಾಂಕುಗಳಲ್ಲಿ ಬಹುಪಾಲು ಬೋಸ್ನಿಯಾದ ಸರ್ಬರ ಸೇನಾಪತಿ ರಾತ್ಕೊ ಮ್ಲಾದಿಚ್‌ನ ಹೊಸ ಸೇನೆಗೆ ಸಿಕ್ಕಿತು. ಹೊರಟಿತು ಅನ್ನೋದೂ ಸುಮ್ನೆ ಮಾತು, ಎಷ್ಟೋ ಜನರ ಸಮವಸ್ತ್ರದ ಬಿಲ್ಲೆ ಮಾತ್ರ ಬದಲಾಯಿತು. ಇತ್ತ ರಾಜಧಾನಿ ಸರಾಯೆವೊದಲ್ಲಿದ್ದ ಬೋಸ್ನಿಯಾ ಸರ್ಕಾರಕ್ಕೆ ಜನ ಇದ್ದರು, ಬಂದೂಕು ಇರಲಿಲ್ಲ. 1991ರ ಸೆಪ್ಟೆಂಬರಿನಲ್ಲೇ ವಿಶ್ವಸಂಸ್ಥೆ ಇಡೀ ಯುಗೊಸ್ಲಾವಿಯಾಕ್ಕೆ ಶಸ್ತ್ರ ಮಾರಬಾರದು ಅಂತ ನಿರ್ಬಂಧ ಹಾಕಿತ್ತು. ಹೆಸರಿಗೆ ಎಲ್ಲರಿಗೂ ಒಂದೇ ನಿಯಮ. ಆದರೆ ಊರಿನ ಅಂಗಡಿ ಮುಚ್ಚಿದರೆ ಕಣಜ ತುಂಬಿದವನಿಗೆ ಏನು ಕಷ್ಟ? ಕ್ರೊವಾಟರ ಕೈಯಲ್ಲಿ ಇದ್ದದ್ದು ಸಮುದ್ರ ಮತ್ತು ರಸ್ತೆ. ಬೋಸ್ನಿಯಾಕ್ಕೆ ಕದ್ದು ಬರುವ ಮದ್ದುಗುಂಡು ಅವರ ಬಾಗಿಲು ದಾಟಬೇಕಿತ್ತು, ದಾಟುವಾಗ ಅವರ ಪಾಲು ಅವರು ತೆಗೆದುಕೊಳ್ಳುತ್ತಿದ್ದರು.

ಅಂದರೆ ಸರ್ಬರಿಗೆ ಶಸ್ತ್ರ ಜಾಸ್ತಿ, ಆಳು ಕಡಿಮೆ. ದೇಶದ ನೂರಕ್ಕೆ 70 ಭಾಗ ಹಿಡಿದುಕೊಂಡ ಮೇಲೆ ಸಾವಿರ ಕಿಲೋಮೀಟರಿಗೂ ಉದ್ದದ ಗಡಿರೇಖೆ ಕಾಯಬೇಕಾಯಿತು. ಎದುರಿನವರು ಒಟ್ಟಾಗಿ ಶಸ್ತ್ರ ಕೂಡಿಸಿಕೊಳ್ಳುವ ಮೊದಲು ಅವರು ಆಟ ಮುಗಿಸಬೇಕಿತ್ತು.

ಮುಗಿಸಲು ನೋಡಿದರು ಕೂಡ. 1992ರ ಮೇ 2ರಂದು ಯುಗೊಸ್ಲಾವ್ ಸೇನೆಯ ವಾಹನಗಳು ಸರಾಯೆವೊದ ಅಧ್ಯಕ್ಷರ ಕಚೇರಿ ಕಡೆ ನುಗ್ಗಿದವು, ಅದೇ ದಿನ ಲಿಸ್ಬನ್‌ನಿಂದ ವಾಪಸ್ ಬಂದ ಅಧ್ಯಕ್ಷ ಇಜೆತ್‌ಬೆಗೊವಿಚ್‌ರನ್ನು ವಿಮಾನ ನಿಲ್ದಾಣದಲ್ಲೇ ಹಿಡಿದಿಟ್ಟರು. ಅವತ್ತು ಪೇಟೆ ಎರಡು ಹೋಳಾಗಿದ್ದರೆ ಬೋಸ್ನಿಯಾ ಅನ್ನುವ ದೇಶ ಹುಟ್ಟಿದ ತಿಂಗಳಲ್ಲೇ ಮುಗಿದುಹೋಗುತ್ತಿತ್ತು ಅಂತ ನನಗನಿಸುತ್ತದೆ. ಆದರೆ ಪೊಲೀಸರು, ಸ್ಥಳೀಯ ರಕ್ಷಣಾ ಪಡೆ, ಬೀದಿಯ ಪುಂಡರು ಎಲ್ಲ ಸೇರಿ ಊರ ನಡುವಿನ ಸ್ಕೆಂದೆರಿಯಾ ಹತ್ತಿರ ತಡೆದರು. ಆಮೇಲೆ ಉಳಿದದ್ದು ಮುತ್ತಿಗೆ, 1,425 ದಿನ. ಬೆಟ್ಟದ ಮೇಲಿನಿಂದ ಶೆಲ್ ಹಾಕಲು ಆಳು ಬೇಡ, ಒಳಗೆ ನುಗ್ಗಿ ಬೀದಿ ಬೀದಿ ಹಿಡಿಯಲು ಬೇಕು.

ಇಲ್ಲೊಂದು ವಿಷಯ ಯಾರೂ ಜಾಸ್ತಿ ಮಾತಾಡುವುದಿಲ್ಲ. ಜೂನ್ ಕೊನೆಗೆ ಸರ್ಬರು ಆ ವಿಮಾನ ನಿಲ್ದಾಣವನ್ನು ವಿಶ್ವಸಂಸ್ಥೆಯ ಕೈಗೆ ಕೊಟ್ಟರು. (ಆಗ ಆ ಶಾಂತಿಪಡೆಯ ಮುಖ್ಯಸ್ಥರು ನಮ್ಮ ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್, ಬೆಳಗಾವಿಯಲ್ಲಿ ಕೇಂದ್ರ ಇರುವ ಮರಾಠಾ ಲೈಟ್ ಇನ್ಫೆಂಟ್ರಿಯವರು.) 1993ರಲ್ಲಿ ಅದೇ ರನ್‌ವೇ ಅಡಿಯಲ್ಲಿ ಸುಮಾರು 800 ಮೀಟರ್ ಸುರಂಗ ತೋಡಿ ಸರಾಯೆವೊದವರು ಅಕ್ಕಿಬೇಳೆಯಿಂದ ಮದ್ದುಗುಂಡಿನ ತನಕ ಎಲ್ಲ ಒಳಗೆ ತಂದರು. ನಿಲ್ದಾಣ ಸರ್ಬರ ಬಳಿಯೇ ಇದ್ದಿದ್ದರೆ ಸುರಂಗ ಎಲ್ಲಿಂದ ಬರಬೇಕು?

ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ "ಹಾಗಾಗಿದ್ದರೆ" ಅಂದರೆ ಪೊಸಾವಿನಾ, ಉತ್ತರದ ಸಾವಾ ನದಿ ಬಯಲು. ನಕ್ಷೆ ತೆಗೆದು ನೋಡಿ. ಸರ್ಬರ ಹಿಡಿತದ ಪ್ರದೇಶ ಕುದುರೆ ಲಾಳದ ಹಾಗಿದೆ: ಪಶ್ಚಿಮದಲ್ಲಿ ಬನ್ಯಾ ಲೂಕಾ, ಪೂರ್ವದಲ್ಲಿ ದ್ರಿನಾ ಕಣಿವೆ, ನಡುವೆ ಬರ್ಚ್ಕೊ ಊರಿನ ಹತ್ತಿರ ಕೆಲವೇ ಕಿಲೋಮೀಟರ್ ಅಗಲದ ಓಣಿ. 1992ರ ಬೇಸಿಗೆಯಲ್ಲಿ ಆ ಓಣಿ ಕ್ರೊವಾಟರ ಕೈಯಲ್ಲಿತ್ತು. ಬನ್ಯಾ ಲೂಕಾಕ್ಕೆ ಡೀಸೆಲ್ ಇಲ್ಲ, ಔಷಧಿ ಇಲ್ಲ, ಅದರಾಚೆ ಕ್ರೊವೇಷಿಯಾದೊಳಗಿನ ಸರ್ಬರ ಕ್ರಾಯಿನಾಕ್ಕೂ ಬೇರೆ ದಾರಿ ಇಲ್ಲ. ಜೂನ್ ಕೊನೆಯಲ್ಲಿ ಸರ್ಬರು ದಾಳಿ ಮಾಡಿ ದಾರಿ ತೆರೆದರು, ಅಕ್ಟೋಬರಿನಲ್ಲಿ ಬೊಸಾನ್‌ಸ್ಕಿ ಬ್ರೊದ್ ಕೂಡ ಬಿತ್ತು. ಅಲ್ಲಿಂದ ಕ್ರೊವಾಟರು ಯಾಕೆ ಹಿಂದೆ ಸರಿದರು ಅಂತ ಇವತ್ತಿಗೂ ಜಗಳ ಇದೆ, ಒಳಒಪ್ಪಂದ ಅನ್ನುವವರೂ ಇದ್ದಾರೆ. ಅವರು ಆ ಚಳಿಗಾಲದ ತನಕ ಕಚ್ಚಿಕೊಂಡು ನಿಂತಿದ್ದರೆ, 1995ರಲ್ಲಿ ಆದ ಸರ್ಬರ ಸೋಲು ಎರಡು ವರ್ಷ ಮೊದಲೇ ಆಗುತ್ತಿತ್ತು. ಹೆಚ್ಚೆಂದರೆ ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್ ನೇರವಾಗಿ ಸೇನೆ ಕಳಿಸಬೇಕಾಗುತ್ತಿತ್ತು, ಅದು ಬೇರೆಯೇ ಯುದ್ಧ.

ಹಾಗಾಗಲಿಲ್ಲ. ಬದಲಿಗೆ 1993ರಲ್ಲಿ ಕ್ರೊವಾಟರೂ ಬೋಸ್ನಿಯಾಕರೂ ತಮ್ಮತಮ್ಮಲ್ಲೇ ಹೊಡೆದಾಡಿಕೊಂಡರು, ಮೊಸ್ತಾರ್‌ನ ಹಳೇ ಸೇತುವೆಯನ್ನು ನವೆಂಬರ್ 9ರಂದು ಕ್ರೊವಾಟರ ಶೆಲ್‌ಗಳೇ ಬೀಳಿಸಿದವು. ಸರ್ಬರಿಗೆ ಪುಕ್ಕಟೆಯಾಗಿ ಒಂದು ವರ್ಷ ಸಿಕ್ಕಿತು. 1994ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನಲ್ಲಿ ಇವರಿಬ್ಬರು ರಾಜಿಯಾದರಲ್ಲ, ತಕ್ಕಡಿ ವಾಲಿದ್ದು ಆವಾಗ.

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. 1995ರ ಜುಲೈ 22ರಂದು ಸ್ಪ್ಲಿತ್ ಒಪ್ಪಂದ, ಕ್ರೊವೇಷಿಯಾ ಮತ್ತು ಬೋಸ್ನಿಯಾ ಸರ್ಕಾರ ಒಟ್ಟಾಗಿ ಹೋರಾಡಲು. ತಿಂಗಳ ಕೊನೆಗೆ ಪಶ್ಚಿಮ ಬೋಸ್ನಿಯಾದ ಗ್ರಾಹೊವೊ, ಗ್ಲಾಮೊಚ್ ಊರುಗಳು ಕ್ರೊವಾಟರ ಪಾಲು. ಆಗಸ್ಟ್ 4ಕ್ಕೆ ಕ್ರಾಯಿನಾದ ಮೇಲೆ ದಾಳಿ, ಮರುದಿನವೇ ಅದರ ರಾಜಧಾನಿ ಕ್ನಿನ್ ಪತನ, ಒಂದೂವರೆ ಲಕ್ಷಕ್ಕೂ ಹೆಚ್ಚು ಸರ್ಬರು ಟ್ರ್ಯಾಕ್ಟರ್ ಹತ್ತಿ ಊರು ಬಿಟ್ಟರು. ನ್ಯಾಟೋ ಬಾಂಬ್ ಶುರುವಾದದ್ದು ಆಗಸ್ಟ್ 30ಕ್ಕೆ. ಬಾಗಿಲು ಆಗಲೇ ಮುರಿದಿತ್ತು. ವಿಮಾನಗಳು ಸರಾಯೆವೊ ಸುತ್ತಲಿನ ತೋಪುಗಳನ್ನು ಹಿಂದೆ ಸರಿಸಿದವು, ಮ್ಲಾದಿಚ್‌ನ ಸಂಪರ್ಕ ಜಾಲ ಕೆಡಿಸಿದವು, ಅದು ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಆದರೆ ಊರುಗಳನ್ನು ಹಿಡಿದದ್ದು ನೆಲದ ಮೇಲಿನ ಕಾಲಾಳುಗಳು.

"ಜುಲೈನಲ್ಲಿ ಸ್ರೆಬ್ರೆನಿತ್ಸಾ ಹಿಡಿದಿದ್ದರಲ್ಲ, ಅದು ಗೆಲುವಲ್ವಾ?" ಅಂತ ಕೇಳಬಹುದು. ಪೂರ್ವದ ಆ ಊರಿನಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಬೋಸ್ನಿಯಾಕ ಗಂಡಸರನ್ನು, ಹುಡುಗರನ್ನು ಕೊಂದದ್ದನ್ನು ಗೆಲುವಿನ ಲೆಕ್ಕಕ್ಕೆ ಬರೆಯಲು ನನಗೆ ಕೈ ಬರುವುದಿಲ್ಲ. ಬರೀ ಮಿಲಿಟರಿ ಲೆಕ್ಕದಲ್ಲೂ ಅದು ಅವಸರದ ಗುರುತು: ಪೂರ್ವದ ಕೆಲಸ ಮುಗಿಸಿ ಅಲ್ಲಿನ ಆಳುಗಳನ್ನು ಬೇರೆ ಕಡೆ ಕಳಿಸಬೇಕಿತ್ತು. 1994ರ ನವೆಂಬರಿನಲ್ಲಿ, ವಾಯವ್ಯದಲ್ಲಿ ಸರ್ಬರು ಸುತ್ತುವರಿದಿದ್ದ ಬಿಹಾಚ್ ಬಿದ್ದಿದ್ದರೆ ಅವರಿಗೆ ಅಂಥ ಆಳು ಇನ್ನೂ ಜಾಸ್ತಿ ಸಿಗುತ್ತಿದ್ದರು. ಅಲ್ಲಿ ಬೋಸ್ನಿಯಾ ಸರ್ಕಾರದ ಸೇನಾಧಿಕಾರಿ ದುದಾಕೊವಿಚ್‌ನ ಐದನೇ ಕೋರ್ ಹೇಗೋ ಉಳಿದುಕೊಂಡಿತು.

ಇನ್ನು ಬನ್ಯಾ ಲೂಕಾ. ಅಕ್ಟೋಬರ್ ಹೊತ್ತಿಗೆ ಕ್ರೊವಾಟರು ಅದರಿಂದ ಸುಮಾರು 25 ಕಿಲೋಮೀಟರ್ ದೂರಕ್ಕೆ ಬಂದಿದ್ದರು, ಐದನೇ ಕೋರ್ ಸಾನ್‌ಸ್ಕಿ ಮೊಸ್ತ್ ಹಿಡಿದಿತ್ತು. ಅಮೆರಿಕದ ಸಂಧಾನಕಾರ ಹೋಲ್‌ಬ್ರೂಕ್ ಕ್ರೊವೇಷಿಯಾದ ಅಧ್ಯಕ್ಷ ತುಜ್‌ಮನ್‌ಗೆ ಬನ್ಯಾ ಲೂಕಾ ಮುಟ್ಟಬೇಡಿ ಅಂದರು, ಅದನ್ನು ಆಮೇಲೆ ತಾವೇ ಬರೆದುಕೊಂಡಿದ್ದಾರೆ. ಹಾಗೆ ತಡೆಯದೇ ಇದ್ದಿದ್ದರೆ? ಊರು ಬೀಳುತ್ತಿತ್ತು ಅಂತಲೇ ನನ್ನ ಅಂದಾಜು, ಆದರೂ ಸಲೀಸಾಗಿ ಅಲ್ಲ. ಸೆಪ್ಟೆಂಬರಿನಲ್ಲಿ ಉನಾ ನದಿ ದಾಟಲು ಹೋಗಿ ಕ್ರೊವಾಟರು ಚೆನ್ನಾಗಿಯೇ ಏಟು ತಿಂದಿದ್ದರು. ಬಿದ್ದಿದ್ದರೆ ಇನ್ನೂ ಲಕ್ಷಗಟ್ಟಲೆ ಸರ್ಬರು ಅದೇ ಬರ್ಚ್ಕೊ ಓಣಿಯಲ್ಲಿ ಪೂರ್ವಕ್ಕೆ ಓಡಬೇಕಾಗುತ್ತಿತ್ತು. ಸರ್ಬಿಯಾದ ಅಧ್ಯಕ್ಷ ಮಿಲೊಶೆವಿಚ್ ಸುಮ್ಮನೆ ಕೂರಲು ಆಗುತ್ತಿತ್ತಾ, ಊರು ಯಾರದು ಅಂತ ಗೆದ್ದವರಿಬ್ಬರೂ ಮತ್ತೆ ಕಾದಾಡುತ್ತಿದ್ದರಾ, ಹೋಲ್‌ಬ್ರೂಕ್‌ಗೆ ಇದ್ದ ಭಯ ಅದೇ.

ಡೇಟನ್‌ನಲ್ಲಿ ಆದ ಶಾಂತಿ ಒಪ್ಪಂದದ 51ಕ್ಕೆ 49ರ ಲೆಕ್ಕ (ನೂರಕ್ಕೆ 51 ಭಾಗ ನೆಲ ಬೋಸ್ನಿಯಾಕ-ಕ್ರೊವಾಟರಿಗೆ, 49 ಸರ್ಬರಿಗೆ) ಸರಿದೂಗಿಸಲು ಕ್ರೊವಾಟರು ಗೆದ್ದಿದ್ದ ಮೆರ್ಕೊನ್ಯಿಚ್ ಗ್ರಾದ್ ಸರ್ಬರಿಗೆ ವಾಪಸ್ ಹೋಯಿತು, ಸರಾಯೆವೊದ ಸರ್ಬ್ ಬಡಾವಣೆಗಳು ಬೋಸ್ನಿಯಾಕ-ಕ್ರೊವಾಟರ ಕಡೆಗೆ ಬಂದವು. ಕೊನೇ ಗಳಿಗೆಯ ತನಕ ಬಗೆಹರಿಯದೆ ಉಳಿದದ್ದು ಬರ್ಚ್ಕೊ. ಪಂಚಾಯ್ತಿಗೆ ಬಿಟ್ಟರು, 2000ದಲ್ಲಿ ಅದು ಯಾರೊಬ್ಬರಿಗೂ ಪೂರ್ತಿ ಸೇರದ ಬೇರೆ ಜಿಲ್ಲೆಯಾಯಿತು.